ದಿನಸಿ ಬೆಲೆ ನಿಮಗೆಷ್ಟು ಗೊತ್ತು? ಮನೆಖರ್ಚಿನ ಸಲಹೆಗಾರ್ತಿ ಜೊತೆ ಪ್ರಶ್ನೋತ್ತರ

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೋದ ವಾರ ಗುಂಪಿನಲ್ಲಿ ಒಂದು ಆಟ ಇಟ್ಟಿದ್ದೆವು. ಬಿಲ್ ನೋಡದೆ ಅಕ್ಕಿ, ಹಿಟ್ಟು, ಸಕ್ಕರೆ, ಎಣ್ಣೆ, ಹಾಲು, ಮೊಟ್ಟೆ, ಉಪ್ಪು, ಈ ಏಳರ ಬೆಲೆ ಬರೆಯಬೇಕಿತ್ತು. ಸರಿ ಬರೆದವರು ಕಡಿಮೆ, ಜಗಳ ಆಡಿದವರು ಜಾಸ್ತಿ. ಅದಕ್ಕೇ ಇವತ್ತು ಮೇಡಂ ಅವರನ್ನು ಕರೆದಿದ್ದೇವೆ. ಮೊದಲು ಅವರು ಬೆಲೆ ಸೂಚ್ಯಂಕಕ್ಕಾಗಿ (ಹಣದುಬ್ಬರದ ಅಂಕಿ ಲೆಕ್ಕ ಹಾಕುವುದು ಇದರಿಂದಲೇ) ಅಂಗಡಿ ಅಂಗಡಿ ಸುತ್ತಿ ದರ ಬರೆದುಕೊಳ್ಳುವ ಕೆಲಸದಲ್ಲಿದ್ದರು. ಈಗ ಕುಟುಂಬಗಳಿಗೆ ಮನೆಖರ್ಚಿನ ಲೆಕ್ಕದಲ್ಲಿ ಸಲಹೆ ಕೊಡುತ್ತಾರೆ. ಪ್ರಶ್ನೆ ಚಿಕ್ಕದಾಗಿರಲಿ. ಫಾರ್ವರ್ಡ್ ಹಾಕಬೇಡಿ, ದಯವಿಟ್ಟು.

ಸಲಹೆಗಾರ್ತಿ: ನಮಸ್ಕಾರ. ಕೇಳಿ. ನಡುವೆ ಬೇರೆ ಕೆಲಸವೂ ಇದೆ, ಉತ್ತರ ತಡವಾದರೆ ಬೇಜಾರು ಬೇಡ.

ಖಾಲಿ ಡಬ್ಬಿ: ಮೇಡಂ, ಆಟದಲ್ಲಿ ನನಗೆ ಏಳರಲ್ಲಿ ಎರಡೇ ಸರಿ ಬಂದದ್ದು. ವಾರ ವಾರ ಅಂಗಡಿಗೆ ಹೋಗುವವಳು ನಾನೇ. ನಾಚಿಕೆ ಆಯಿತು. ಎಲ್ಲರಿಗೂ ಹೀಗೇನಾ?

ಸಲಹೆಗಾರ್ತಿ: ಹೆಚ್ಚಿನವರಿಗೆ ಹೀಗೇ. ಅಮೆರಿಕದ ಪೀಟರ್ ಡಿಕ್ಸನ್ ಮತ್ತು ಆಲನ್ ಸಾಯರ್ ಎಂಬಿಬ್ಬರು 1990ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸೂಪರ್‌ಮಾರ್ಕೆಟ್‌ನಲ್ಲಿ ಜನ ಸಾಮಾನು ತೆಗೆದು ಗಾಡಿಗೆ ಹಾಕಿದ ಕೂಡಲೇ, ಈಗ ಹಾಕಿದಿರಲ್ಲ, ಅದಕ್ಕೆಷ್ಟು ಎಂದು ಕೇಳಿಸಿದರು. ಸರಿಯಾದ ಬೆಲೆ ಹೇಳಿದವರು ಅರ್ಧಕ್ಕಿಂತ ಕಡಿಮೆ. ರಿಯಾಯಿತಿ ಸಾಮಾನು ತೆಗೆದುಕೊಂಡವರಲ್ಲೂ ಬಹಳ ಜನರಿಗೆ ಅದು ರಿಯಾಯಿತಿ ಎಂದೇ ಗೊತ್ತಿರಲಿಲ್ಲ.

ನಿಮಗೆ ಸರಿ ಬಂದ ಆ ಎರಡು ಯಾವುವು?

ಖಾಲಿ ಡಬ್ಬಿ: ಹಾಲು, ಮೊಟ್ಟೆ.

ಸಲಹೆಗಾರ್ತಿ: ಹಾಗೇ ಅಂದುಕೊಂಡೆ. ಇದು ಅಂಗಡಿಯವರಿಗೂ ಗೊತ್ತು. ಪದೇ ಪದೇ ಕೊಳ್ಳುವ ನಾಲ್ಕಾರು ಸಾಮಾನುಗಳ ಬೆಲೆ ಮಾತ್ರ ಜನರ ಬಾಯಲ್ಲಿರುತ್ತದೆ. ಅಂಗಡಿ ಅಗ್ಗವೋ ದುಬಾರಿಯೋ ಎಂದು ಅಳೆಯುವುದೂ ಅವುಗಳಿಂದಲೇ. ಹಾಗಾಗಿ ದೊಡ್ಡ ಅಂಗಡಿಗಳು ಅವುಗಳ ಮೇಲೆ ಲಾಭ ತೀರಾ ಕಡಿಮೆ ಇಟ್ಟುಕೊಳ್ಳುತ್ತವೆ, ಕೆಲವು ಸಲ ನಷ್ಟಕ್ಕೂ ಮಾರುತ್ತವೆ. ಆ ಲಾಭ ಎಲ್ಲಿಂದ ಬರುತ್ತದೆ? ನಿಮಗೆ ಬೆಲೆ ನೆನಪಿಲ್ಲದ ಸಾಮಾನುಗಳಿಂದ. ಮಸಾಲೆ, ಸಾಸು, ಬಿಸ್ಕತ್ತು, ಪಾತ್ರೆ ತೊಳೆಯುವ ದ್ರವ, ಚಿಕ್ಕ ಚಿಕ್ಕ ಪೊಟ್ಟಣಗಳು.

ಅದಕ್ಕೆ ನಾನು ಹೇಳುವುದು, ಹಾಲಿನ ಬೆಲೆ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ನಿಮ್ಮ ಬಿಲ್ಲಿನಲ್ಲಿ ಜಾಸ್ತಿ ದುಡ್ಡು ತಿನ್ನುವ, ಆದರೆ ನಿಮಗೆ ಬೆಲೆ ಗೊತ್ತಿಲ್ಲದ ಹತ್ತು ಸಾಮಾನು ಹುಡುಕಿ. ಅವುಗಳ ಕೆಜಿ ಬೆಲೆ, ಲೀಟರ್ ಬೆಲೆ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಪ್ಯಾಕೆಟ್ ಬೆಲೆ ಅಲ್ಲ, ಕೆಜಿಗೆ ಎಷ್ಟು ಬೀಳುತ್ತದೆ ಎಂದು. ತಿಂಗಳಿಗೊಮ್ಮೆ ತಿದ್ದಿದರೆ ಸಾಕು.

ಹಳೇ ಸೈಕಲ್: ಬೆಲೆ ಯಾವಾಗ ಇಳಿಯುತ್ತೆ ಮೇಡಂ?

ಸಲಹೆಗಾರ್ತಿ: ಗೊತ್ತಿಲ್ಲ. ಗೊತ್ತು ಎನ್ನುವವರನ್ನು ನಂಬಬೇಡಿ.

ಸುಮ್ನೆ ಓದುವವನು: ಮಂತ್ರಿಗಳಿಗೇ ಗೊತ್ತಿರಲ್ಲ, ನಮ್ಮದೇನು ಬಿಡಿ 😄 ಜಪಾನಿನ ಪ್ರಧಾನಿ ತಾರೊ ಅಸೊಗೆ 2008ರಲ್ಲಿ ಸಂಸತ್ತಿನಲ್ಲೇ ಕಪ್ ನೂಡಲ್ಸ್ ಬೆಲೆ ಕೇಳಿದ್ದರು. 400 ಯೆನ್ ಇರಬಹುದು ಅಂದರು. ಇದ್ದದ್ದು 170ರ ಆಸುಪಾಸು.

ರಾತ್ರಿ ಪಾಳಿ: ಫ್ರಾನ್ಸಿನಲ್ಲಿ ಅದಕ್ಕೆ ಉಲ್ಟಾ. 2016ರಲ್ಲಿ ಅಧ್ಯಕ್ಷ ಸ್ಥಾನದ ಆಕಾಂಕ್ಷಿ ಝಾನ್-ಫ್ರಾನ್ಸ್ವಾ ಕೊಪೆ, ಚಾಕೊಲೇಟ್ ತುಂಬಿದ ಪೇಸ್ಟ್ರಿಗೆ 10-15 ಸೆಂಟ್ ಇರಬಹುದು ಅಂದುಬಿಟ್ಟರು. ಅದು ಒಂದು ಯೂರೊ ಆಸುಪಾಸಿನ ತಿಂಡಿ. ಎಷ್ಟು ದಿನ ಗೇಲಿ ಮಾಡಿದರೋ.

ನೇರ ಮಾತು: ಜಾರ್ಜ್ ಬುಷ್ ಕೂಡ ಅಷ್ಟೇ. ಅಮೆರಿಕದ ಆಗಿನ ಅಧ್ಯಕ್ಷ, ದೊಡ್ಡ ಬುಷ್. 1992ರಲ್ಲಿ ಬಾರ್‌ಕೋಡ್ ಓದುವ ಯಂತ್ರ ನೋಡಿ ಬಾಯಿ ಬಿಟ್ಟುಕೊಂಡು ನಿಂತಿದ್ದರು.

ಗಣಿತ ಮೇಷ್ಟ್ರು: ಅದು ಅರ್ಧ ಸತ್ಯ ಸಾರ್. ಅವರಿಗೆ ತೋರಿಸಿದ್ದು ಮಾಮೂಲಿ ಯಂತ್ರ ಅಲ್ಲ. ಹರಿದುಹೋದ ಬಾರ್‌ಕೋಡನ್ನೂ ಓದುವ ಹೊಸ ಯಂತ್ರ. ಅಂಗಡಿಕಾರರ ಸಮಾವೇಶದಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. ಪತ್ರಿಕೆಯಲ್ಲಿ ಬೇರೆ ಥರ ಬಂತು.

ನೇರ ಮಾತು: ನಿಮಗೆ ಎಲ್ಲದರಲ್ಲೂ ಒಂದು ತಪ್ಪು ಹುಡುಕಲೇಬೇಕಲ್ಲ ಮೇಷ್ಟ್ರೆ.

ಸಲಹೆಗಾರ್ತಿ: ಮೇಷ್ಟ್ರು ಹೇಳಿದ್ದು ಸರಿ. ಮುಂದಿನ ಪ್ರಶ್ನೆ.

ಎರಡನೇ ಮಹಡಿ: ನಾನು ಕೊಳ್ಳುವ ಎಣ್ಣೆ ಒಂದು ಕಡೆ 1 ಲೀಟರ್ ಪ್ಯಾಕ್, ಇನ್ನೊಂದು ಕಡೆ 1 ಕೆಜಿ ಪ್ಯಾಕ್. ಲೀಟರಿಂದು ಸ್ವಲ್ಪ ಅಗ್ಗ. ಎರಡೂ ಒಂದೇ ತಾನೇ?

ಸಲಹೆಗಾರ್ತಿ: ಒಂದೇ ಅಲ್ಲ. ಒಳ್ಳೆಯ ಪ್ರಶ್ನೆ. ಎಣ್ಣೆ ನೀರಿಗಿಂತ ಹಗುರ. 1 ಲೀಟರ್ ಅಡುಗೆ ಎಣ್ಣೆ ತೂಗಿದರೆ ಸುಮಾರು 915 ಗ್ರಾಂ. ಲೀಟರಿಗೆ 100, ಕೆಜಿಗೆ 106 ಎಂದಿಟ್ಟುಕೊಳ್ಳಿ. ನೋಡಲು ಲೀಟರ್ ಅಗ್ಗ. ಆದರೆ ಆ ಲೀಟರನ್ನು ಕೆಜಿ ಲೆಕ್ಕಕ್ಕೆ ತಂದರೆ 109 ಬೀಳುತ್ತದೆ. ಕೆಜಿ ಪ್ಯಾಕೇ ಅಗ್ಗ. ಪ್ಯಾಕಿನ ಮೇಲೆ ಗ್ರಾಂ ತೂಕವನ್ನೂ ಹಾಕಿದ್ದರೆ ಅದನ್ನೇ ಹಿಡಿದು ಹೋಲಿಸಿ.

ಆಫರ್ ಬೇಟೆ: ನನ್ನ ಪ್ರಕಾರ ಆಫರ್ ನೋಡಿ ಕೊಂಡರೆ ಈ ತಲೆಬಿಸಿ ಯಾವುದೂ ಇಲ್ಲ. ಈ ವಾರ ಒಂದು ಕಂಪನಿಯದು 25 ಶೇಕಡ ಜಾಸ್ತಿ ಸಾಮಾನು ಅದೇ ಬೆಲೆಗೆ, ಇನ್ನೊಂದರದು ಬೆಲೆಯಲ್ಲಿ 22 ಶೇಕಡ ಕಡಿತ. 25 ಇರುವುದನ್ನೇ ತಂದೆ.

ಗಣಿತ ಮೇಷ್ಟ್ರು: ಸೋತಿರಿ. 25 ಶೇಕಡ ಜಾಸ್ತಿ ಸಾಮಾನು ಅಂದರೆ 20 ಶೇಕಡ ಕಡಿತಕ್ಕೆ ಸಮ. 100 ಕೊಟ್ಟು 125 ಗ್ರಾಂ ಬಂದರೆ, 100 ಗ್ರಾಂಗೆ 80 ಬಿತ್ತು. ಮೂಲ ಬೆಲೆ ಎರಡಕ್ಕೂ ಒಂದೇ ಇದ್ದರೆ 22ರದ್ದೇ ವಾಸಿ.

ಆಫರ್ ಬೇಟೆ: ಮೇಡಂನ ಕೇಳಿದ್ದು, ನಿಮ್ಮನ್ನಲ್ಲ.

ಸಲಹೆಗಾರ್ತಿ: ನಾನು ಹೇಳಿದರೂ ಅದೇ ಉತ್ತರ.

ಖಾಲಿ ಡಬ್ಬಿ: ಬೆಲೆ ಅಷ್ಟೇ ಇದೆ ಅಂತ ಖುಷಿಪಟ್ಟಿದ್ದೆ. ಆಮೇಲೆ ನೋಡಿದರೆ 1 ಕೆಜಿ ಇದ್ದ ಪ್ಯಾಕೆಟ್ 900 ಗ್ರಾಂ ಆಗಿದೆ. ಇದನ್ನು ಮಾಡಲು ಬಿಡುತ್ತಾರಾ?

ಸಲಹೆಗಾರ್ತಿ: ತೂಕವನ್ನು ಪ್ಯಾಕಿನ ಮೇಲೆ ಸರಿಯಾಗಿ ಬರೆದಿದ್ದರೆ ಸಾಮಾನ್ಯವಾಗಿ ಅದು ಅಪರಾಧ ಆಗುವುದಿಲ್ಲ. ಜನ ಬೆಲೆ ನೋಡುತ್ತಾರೆ, ಗ್ರಾಂ ನೋಡುವುದಿಲ್ಲ. ಕಂಪನಿಗಳು ಅದನ್ನೇ ನಂಬಿಕೊಂಡಿವೆ. 100 ಗ್ರಾಂ ಕಡಿಮೆಯಾದರೆ 10 ಶೇಕಡ ಏರಿಕೆ ಎಂದುಕೊಳ್ಳಬೇಡಿ, ಕೆಜಿ ಲೆಕ್ಕದಲ್ಲಿ ಅದು 11 ಶೇಕಡಕ್ಕೂ ಸ್ವಲ್ಪ ಜಾಸ್ತಿ. ಗುಡ್ಡದ ಸಾಲಿನಂತೆ ಕಾಣುವ ಟೊಬ್ಲೆರೋನ್ ಚಾಕೊಲೇಟ್ 2016ರಲ್ಲಿ ಬ್ರಿಟನ್ನಿನಲ್ಲಿ ಇದನ್ನೇ ಮಾಡಿತು. 400 ಗ್ರಾಂ ಇದ್ದದ್ದು 360 ಆಯಿತು. ಪೊಟ್ಟಣದ ಉದ್ದ ಅಷ್ಟೇ ಇರಲಿ ಎಂದು ಚಾಕೊಲೇಟ್ ಗುಡ್ಡಗಳ ನಡುವೆ ಜಾಗ ಅಗಲ ಮಾಡಿದರು. ಕಣ್ಣಿಗೆ ಕಾಣುವ ಹಾಗೆ ಮಾಡಿದ್ದರಿಂದ ಸಿಕ್ಕಿಬಿದ್ದರು. ಫ್ರಾನ್ಸಿನಲ್ಲಿ 2024ರ ಜುಲೈ 1ರಿಂದ ಹೀಗೆ ತೂಕ ಇಳಿಸಿದ ಸಾಮಾನಿನ ಹತ್ತಿರ ದೊಡ್ಡ ಅಂಗಡಿಗಳು ಫಲಕ ಹಾಕಬೇಕೆಂದು ನಿಯಮ ಬಂದಿದೆ. ಯುರೋಪಿಯನ್ ಒಕ್ಕೂಟದಲ್ಲಿ ಕೆಜಿಗೆ ಅಥವಾ ಲೀಟರಿಗೆ ಎಷ್ಟು ಎಂದು ತೋರಿಸಬೇಕೆಂಬ ನಿರ್ದೇಶನ 1998ರದ್ದು. ಎಷ್ಟು ಜನ ಅದನ್ನು ಓದುತ್ತಾರೆ ಎನ್ನುವುದು ಬೇರೆ ಮಾತು.

ರಾತ್ರಿ ಪಾಳಿ: ಆನ್‌ಲೈನ್ ಅಗ್ಗವೋ ಅಂಗಡಿ ಅಗ್ಗವೋ?

ದೊಡ್ಡ ಮಗಳು: ಮೇಡಂ, ಇದು ಬೆಲೆಯ ಪ್ರಶ್ನೆಯೋ ಅಲ್ಲವೋ ನನಗೇ ಗೊತ್ತಿಲ್ಲ. ಅಪ್ಪನಿಗೆ 71. ಮನೆಯ ದಿನಸಿ ಮೊದಲಿಂದಲೂ ಅವರೇ ತರುವುದು. ಯಾವುದು ಎಷ್ಟು ಏರಿತು, ಎಲ್ಲಿ ಎಷ್ಟು ಕಡಿಮೆ, ಎಲ್ಲ ಬಾಯಲ್ಲೇ ಇರುತ್ತಿತ್ತು. ಸುಮಾರು ಒಂದು ವರ್ಷದಿಂದ ಎಷ್ಟೋ ವರ್ಷದ ಹಿಂದಿನ ಬೆಲೆ ಹೇಳಿ ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲುತ್ತಾರೆ. ಮೋಸ ಮಾಡಿದ ಅನ್ನುತ್ತಾರೆ. ಬಿಲ್ ನೋಡಿದರೆ ಸರಿಯಾಗೇ ಇರುತ್ತದೆ. ಮೊನ್ನೆ ಕಪಾಟು ತೆಗೆದರೆ ಉಪ್ಪಿನ ಪ್ಯಾಕೆಟ್ 9 ಇತ್ತು, ಎಣ್ಣೆ ಒಂದೂ ಇಲ್ಲ. ಚಿಲ್ಲರೆ ಎಣಿಸುವುದಿಲ್ಲ, ಎಲ್ಲದಕ್ಕೂ ದೊಡ್ಡ ನೋಟು ಕೊಡುತ್ತಾರೆ. ತಮ್ಮ ಹೇಳುತ್ತಾನೆ, ಬೆಲೆ ಏರಿದ್ದಕ್ಕೆ ಸಿಟ್ಟು ಅಷ್ಟೇ, ಬಿಟ್ಟುಬಿಡು ಅಂತ. ಅವರಿಗೆ ಈಗಿನ ಬೆಲೆ ನೆನಪಿರುವಂತೆ ಏನಾದರೂ ಪಟ್ಟಿ, ಆ್ಯಪ್ ಇದೆಯಾ?

ನೇರ ಮಾತು: ಸರ್ಕಾರಗಳು ಕೊಡುವ ಹಣದುಬ್ಬರದ ಅಂಕಿ ಎಲ್ಲ ಸುಳ್ಳು ಅಲ್ವಾ ಮೇಡಂ? ಯಾವ ದೇಶ ಬೇಕಾದರೂ ತಗೊಳ್ಳಿ. 4 ಶೇಕಡ ಅಂತಾರೆ. ನನ್ನ ದಿನಸಿ ಬಿಲ್ ಅದಕ್ಕಿಂತ ಎಷ್ಟೋ ಜಾಸ್ತಿ ಏರಿದೆ.

ಆಫರ್ ಬೇಟೆ: 100ಕ್ಕೆ 100 ಸುಳ್ಳು. ನೀವೇ ಆ ಕೆಲಸದಲ್ಲಿ ಇದ್ದಿರಲ್ಲ, ನಿಜ ಹೇಳಿ.

ಸುಮ್ನೆ ಓದುವವನು: ನಿಜ ಹೇಳಬೇಕೆಂದರೆ ಗಂಡಸರಿಗೆ ಬೆಲೆ ಗೊತ್ತಿದ್ದರೆ ತಾನೇ ಏರಿದ್ದು ಗೊತ್ತಾಗೋದು. ಆಟದಲ್ಲಿ ಕೊನೇ ಮೂರು ಸ್ಥಾನ ಯಾರದ್ದು ನೋಡಿ.

ನೇರ ಮಾತು: ಏನಪ್ಪಾ ಇದು, ನೀನೂ ಗಂಡಸೇ.

ಸುಮ್ನೆ ಓದುವವನು: ಹೌದು, ಕೊನೇ ಸ್ಥಾನ ನನ್ನದೇ.

ಖಾಲಿ ಡಬ್ಬಿ: ಅಂಗಡಿಗೆ ಹೋಗುವವರಿಗೆ ಬೆಲೆ ಗೊತ್ತಿರುತ್ತೆ, ಹೋಗದವರಿಗೆ ಇರಲ್ಲ. ಇದರಲ್ಲಿ ಗಂಡು ಹೆಣ್ಣು ಏನು ಬಂತು?

ನೇರ ಮಾತು: ಹೋಗುವವರಿಗೆ ಗೊತ್ತಿರುತ್ತೆ ಅಂತೀರಿ, ನಿಮಗೇ ಏಳರಲ್ಲಿ ಎರಡು.

ಖಾಲಿ ಡಬ್ಬಿ: ನಿಮ್ಮದು ಎಷ್ಟು ಹೇಳಿ ಮತ್ತೆ. ಆಟಕ್ಕೆ ಬಂದೇ ಇಲ್ಲ, ಮಾತಾಡೋಕೆ ಮಾತ್ರ ಮುಂದೆ.

ಅಡ್ಮಿನ್: ಸಾಕು ಮಾಡಿ ಇಬ್ಬರೂ.

ಸಲಹೆಗಾರ್ತಿ: ನಿಮ್ಮ ಜಗಳದ ಮಧ್ಯೆ ದೊಡ್ಡ ಮಗಳು ಅವರ ಪ್ರಶ್ನೆ ಯಾರೂ ಓದಿದಂತಿಲ್ಲ. ಸೂಚ್ಯಂಕದ ಮಾತು ಆಮೇಲೆ. ಮೊದಲು ಅದು.

ಅಮ್ಮಾ, ಎರಡು ವಿಷಯ ಹೇಳಿ. ಅಂಗಡಿ ಬಿಟ್ಟು ಬೇರೆ ಕಡೆಯೂ ದುಡ್ಡಿನಲ್ಲಿ ಎಡವಿದ್ದಾರಾ? ಕರೆಂಟ್ ಬಿಲ್, ಬ್ಯಾಂಕು, ಸಾಲ ಕೊಟ್ಟದ್ದು ಮರೆತದ್ದು, ಹೀಗೆ. ಮತ್ತೆ, ಈ ಒಂದು ವರ್ಷದಲ್ಲಿ ಹೊಸ ಮಾತ್ರೆ ಏನಾದರೂ ಶುರುವಾಗಿದೆಯಾ?

ದೊಡ್ಡ ಮಗಳು: ಎರಡಕ್ಕೂ ಹೌದು ಮೇಡಂ. ಕರೆಂಟ್ ಬಿಲ್ ಒಂದೇ ತಿಂಗಳಲ್ಲಿ ಎರಡು ಸಲ ಕಟ್ಟಿದ್ದರು. ಕೇಳಿದ್ದಕ್ಕೆ ರೇಗಿದರು. ನಿದ್ದೆ ಬರುವುದಿಲ್ಲ ಎಂದು ಒಂದು ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಯಾವಾಗ ಶುರುವಾಯಿತು ಸರಿಯಾಗಿ ನೆನಪಿಲ್ಲ.

ಸಲಹೆಗಾರ್ತಿ: ಪಟ್ಟಿ, ಆ್ಯಪ್ ಎಲ್ಲ ಪಕ್ಕಕ್ಕಿಡಿ. ಅವರನ್ನು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಈ ತಿಂಗಳಲ್ಲೇ.

ಹೆದರಿಸಲು ಹೇಳುತ್ತಿಲ್ಲ. ನಾನು ವೈದ್ಯೆ ಅಲ್ಲ, ಕಾಯಿಲೆಯ ಹೆಸರು ಹೇಳುವುದೂ ಇಲ್ಲ. ಆದರೆ ಮನೆಖರ್ಚಿನ ಲೆಕ್ಕ ನೋಡುವವರು ಇಂಥದ್ದನ್ನು ಗಮನಿಸದೆ ಬಿಡಬಾರದು.

ಹಳೇ ಬೆಲೆ ಹೇಳುವುದು ಅಷ್ಟೇ ಆಗಿದ್ದರೆ ನಾನೂ ನಿಮ್ಮ ತಮ್ಮನ ಹಾಗೇ ಹೇಳುತ್ತಿದ್ದೆ. ಪ್ರತಿಯೊಬ್ಬರ ತಲೆಯಲ್ಲೂ ಒಂದು ಕಾಲದ ಬೆಲೆ ಕೂತುಬಿಟ್ಟಿರುತ್ತದೆ. ಅದಕ್ಕೆ ಹೋಲಿಸಿ ಅಯ್ಯೋ ಇಷ್ಟಾ ಅನ್ನುತ್ತೇವೆ. ಬೆಲೆ ಗೊತ್ತಿಲ್ಲದಿರುವುದೂ ತೊಂದರೆಯಲ್ಲ, ಈ ಗುಂಪಿನಲ್ಲಿ ಅರ್ಧ ಜನರಿಗೆ ಗೊತ್ತಿಲ್ಲ. ಆದರೆ ಚೆನ್ನಾಗಿ ಗೊತ್ತಿದ್ದವರಿಗೆ ಗೊತ್ತಿಲ್ಲದಂತಾಗುವುದು ಬೇರೆ. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಉಪ್ಪು ಮತ್ತು ದೊಡ್ಡ ನೋಟು. ಮನೆಯಲ್ಲಿ ಏನಿದೆ, ಏನು ತಂದಾಯಿತು ಎಂಬುದು ಜಾರುತ್ತಿದೆ. ಚಿಲ್ಲರೆ ಲೆಕ್ಕ ಕಷ್ಟವಾಗುತ್ತಿರಬಹುದು, ಅದಕ್ಕೇ ದೊಡ್ಡ ನೋಟು ಕೊಟ್ಟು ಬಾಕಿಯನ್ನು ಅಂಗಡಿಯವನಿಗೇ ಬಿಡುತ್ತಾರೆ. ಲೆಕ್ಕ ಹೊಂದದಿದ್ದಾಗ ಮೋಸ ಅನ್ನಿಸುತ್ತದೆ. ಅವರ ಸಿಟ್ಟು ಸುಳ್ಳಲ್ಲ, ಅವರ ಮಟ್ಟಿಗೆ ದುಡ್ಡು ನಿಜವಾಗಿಯೂ ಕಾಣೆಯಾಗುತ್ತಿದೆ.

ಮರೆವಿನ ಕಾಯಿಲೆಯಲ್ಲಿ ದುಡ್ಡಿನ ವ್ಯವಹಾರ ಬಹಳ ಬೇಗ ಏರುಪೇರಾಗುತ್ತದೆ. 2020ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ, ಕಾಯಿಲೆ ಪತ್ತೆಯಾಗುವ 6 ವರ್ಷ ಮೊದಲೇ ಕೆಲವರು ಕಂತು, ಬಿಲ್ ಕಟ್ಟುವುದರಲ್ಲಿ ತಪ್ಪತೊಡಗಿದ್ದು ಕಂಡುಬಂತು. ಆದರೆ ಇದು ಅದೇ ಎಂದು ಅರ್ಥವಲ್ಲ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ಕೆಲವು ನಿದ್ದೆ ಮಾತ್ರೆಗಳು, ಇವುಗಳಿಂದಲೂ ಹೀಗಾಗುತ್ತದೆ, ಮತ್ತು ಇವುಗಳಿಗೆ ದಾರಿ ಇದೆ. ಕಣ್ಣಿನ ಪೊರೆ ಬಂದು ಬೆಲೆ ಚೀಟಿಯೇ ಕಾಣದಿರಬಹುದು. ಕಿವಿ ಮಂದವಾಗಿ ಅಂಗಡಿಯವರು ಹೇಳಿದ ಮೊತ್ತ ಕೇಳಿಸದಿರಬಹುದು. ಅದಕ್ಕೇ ಡಾಕ್ಟರ್ ನೋಡಬೇಕು. ಅವರು ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲಕ್ಕೆ ಹಾಕಿ ಒಯ್ಯಿರಿ. ನಿದ್ದೆ ಮಾತ್ರೆಯನ್ನು ನೀವೇ ನಿಲ್ಲಿಸಲು ಹೋಗಬೇಡಿ, ದಿಢೀರ್ ನಿಲ್ಲಿಸಿದರೆ ಕೆಲವು ಮಾತ್ರೆಗಳಿಂದ ಅಪಾಯವಿದೆ. ಈಗ ಬರೆದದ್ದರಲ್ಲಿ ಏನೇನು ಯಾವಾಗ ಆಯಿತು ಎಂದು ಒಂದು ಕಾಗದದಲ್ಲಿ ಬರೆದು ಕೊಡಿ. ಡಾಕ್ಟರ ಮುಂದೆ ಅಪ್ಪ ಚೆನ್ನಾಗಿಯೇ ಮಾತಾಡುತ್ತಾರೆ, ಆಗ ನಿಮ್ಮ ಮಾತಿಗೆ ತೂಕ ಇರುವುದಿಲ್ಲ.

ಮನೆಯಲ್ಲಿ ಏನು ಮಾಡಬೇಕು? ಬೆಲೆ ಎಷ್ಟು ಹೇಳಿ ನೋಡೋಣ ಎಂದು ಪರೀಕ್ಷೆ ಮಾಡಬೇಡಿ. ಚೀಲ, ಪರ್ಸು ಒಂದೇ ಸಲಕ್ಕೆ ಕಿತ್ತುಕೊಳ್ಳಬೇಡಿ. ಇಷ್ಟು ವರ್ಷ ಮನೆ ನಡೆಸಿದ ಮನುಷ್ಯ. ಏನು ತರಬೇಕು, ಎಷ್ಟು ತರಬೇಕು ಎಂದು ದೊಡ್ಡ ಅಕ್ಷರದಲ್ಲಿ ಚೀಟಿ ಬರೆದುಕೊಡಿ. ಆಗಾಗ ಜೊತೆಗೆ ಹೋಗಿ. ಅಂಗಡಿಯವರಿಗೆ ಅಪ್ಪ ಇಲ್ಲದಾಗ ಒಂದು ಮಾತು ಹೇಳಿಡಿ, ವಾದ ಮಾಡದೆ ಬಿಲ್ ಇಟ್ಟುಕೊಂಡಿರಲಿ, ನೀವು ಬಂದು ಸರಿಮಾಡುತ್ತೀರಿ ಎಂದು. ಬ್ಯಾಂಕಿನ ವ್ಯವಹಾರದ ಮೇಲೆ, ಅವರಿಗೆ ಬರುವ ಫೋನ್ ಕರೆಗಳ ಮೇಲೆ ಕಣ್ಣಿಡಿ. ಬಹುಮಾನ ಬಂತು, ಖಾತೆ ನಿಂತುಹೋಗುತ್ತದೆ ಎಂದು ಕರೆ ಮಾಡುವ ಕಳ್ಳರು ಹುಡುಕುವುದು ಇಂಥವರನ್ನೇ. ಕಾಗದಪತ್ರ, ನಾಮಿನಿ, ಜಂಟಿ ಖಾತೆ ವಿಷಯಗಳನ್ನು ಅವರೇ ಕೂತು ತೀರ್ಮಾನ ಮಾಡುವಷ್ಟು ಚೆನ್ನಾಗಿರುವಾಗಲೇ ಅವರನ್ನು ಕೇಳಿ ಮಾಡಿಸಿ.

ಒಂದು ಎಚ್ಚರಿಕೆ. ಇದೆಲ್ಲ ನಿಧಾನವಾಗಿ ಆದದ್ದಕ್ಕೆ. ಗಂಟೆಗಳಲ್ಲಿ, ಒಂದೆರಡು ದಿನಗಳಲ್ಲಿ ಗೊಂದಲ ದಿಢೀರ್ ಹೆಚ್ಚಿದರೆ, ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ. ನೇರ ಆಸ್ಪತ್ರೆಗೆ.

ದೊಡ್ಡ ಮಗಳು: ತುಂಬಾ ಉಪಕಾರ ಮೇಡಂ. ಇದನ್ನೇ ತಮ್ಮನಿಗೆ ಕಳಿಸುತ್ತೇನೆ. ನಾನು ಹೇಳಿದರೆ ಕೇಳುವುದಿಲ್ಲ.

ನೇರ ಮಾತು: ಬೇಜಾರು ಮಾಡ್ಕೋಬೇಡಿ, ವಯಸ್ಸಾದವರು ಮರೆಯೋದು ಸಹಜ. ಬೆಲೆ ಮರೆತರೂ ಕಾಯಿಲೆ ಅಂದರೆ ಹೇಗೆ? ಪಾಪ ಹಿರಿಯರಿಗೆ ಸುಮ್ನೆ ಹೆಸರು ಕಟ್ಟಬೇಡಿ.

ಸಲಹೆಗಾರ್ತಿ: ನಾನು ಹೆಸರು ಕಟ್ಟಿಲ್ಲ. ಡಾಕ್ಟರಿಗೆ ತೋರಿಸಿ ಎಂದಿದ್ದೇನೆ. ಇನ್ನೊಮ್ಮೆ ಓದಿ.

ಆಫರ್ ಬೇಟೆ: ಅಕ್ಕಾ, ಡಾಕ್ಟರ್ ಎಲ್ಲ ಆಮೇಲೆ. ಇದು ನನಗೆ ಬಂದ ಮೆಸೇಜು. ಐದು ಥರದ ಬೀಜ ರಾತ್ರಿ ನೆನೆಸಿ, ಬೆಳಗ್ಗೆ ಖಾಲಿ ಹೊಟ್ಟೆಗೆ ತಿಂದರೆ 21 ದಿನದಲ್ಲಿ ಎಂಥ ಮರೆವೂ ಮಾಯ. ನಿದ್ದೆ ಮಾತ್ರೆನೂ ಅವತ್ತೇ ಬಿಡಬಹುದಂತೆ. ತುಂಬಾ ಜನರಿಗೆ ಗುಣ ಆಗಿದೆಯಂತೆ.

ಸಲಹೆಗಾರ್ತಿ: ಫಾರ್ವರ್ಡ್ ಬೇಡ ಎಂದು ಅಡ್ಮಿನ್ ಮೊದಲ ಸಾಲಿನಲ್ಲೇ ಹೇಳಿದ್ದಾರೆ. ಬೀಜ ತಿನ್ನಲಿ, ನನ್ನ ತಕರಾರಿಲ್ಲ. ಮಾತ್ರೆ ಅವತ್ತೇ ಬಿಡಿ ಎನ್ನುವ ಸಾಲು ಅಳಿಸಿ. ಎರಡು ನಿಮಿಷದ ಹಿಂದೆ ಅದನ್ನೇ ಮಾಡಬೇಡಿ ಎಂದು ಬರೆದಿದ್ದೇನೆ. ಯಾರಿಗೆ ಗುಣವಾಯಿತು, ಹೆಸರು ಊರು ಇದೆಯಾ? ಬರೀ "ಅಂತೆ".

ಆಫರ್ ಬೇಟೆ: ಒಳ್ಳೇದಕ್ಕೆ ಹೇಳಿದೆ ಮೇಡಂ. ಅಷ್ಟು ಕೋಪ ಯಾಕೆ.

ಹಳೇ ಸೈಕಲ್: ಬೆಲೆ ಇಳಿಯುತ್ತೋ ಇಲ್ವೋ ಅದಾದರೂ ಹೇಳಿ.

ಸಲಹೆಗಾರ್ತಿ: ಹೇಳಿದ್ದೇನೆ. ಮೇಲೆ ನೋಡಿ.

ಸೂಚ್ಯಂಕದ ವಿಷಯ. ಅಂಕಿ ಸುಳ್ಳೇ ಎಂದು ತೀರ್ಮಾನಿಸಿದವರಿಗೆ ಬರೆಯುತ್ತಿಲ್ಲ, ಕೇಳುವವರಿಗೆ ಬರೆಯುತ್ತಿದ್ದೇನೆ. ಸೂಚ್ಯಂಕದಲ್ಲಿ ದಿನಸಿ ಒಂದೇ ಇರುವುದಿಲ್ಲ. ಬಾಡಿಗೆ, ಬಟ್ಟೆ, ಬಸ್ಸು, ಫೋನು, ಔಷಧ ಎಲ್ಲ ಸೇರಿರುತ್ತದೆ. ಅದು ಎಲ್ಲ ಮನೆಗಳ ಸರಾಸರಿ ಬುಟ್ಟಿ. ನಿಮ್ಮ ಬುಟ್ಟಿ ಅದಲ್ಲ. ಆದಾಯ ಕಡಿಮೆ ಇದ್ದಷ್ಟೂ ಅದರಲ್ಲಿ ಊಟಕ್ಕೆ ಹೋಗುವ ಪಾಲು ಜಾಸ್ತಿ ಎಂದು ಜರ್ಮನಿಯ ಅರ್ನ್ಸ್ಟ್ ಎಂಗೆಲ್ 1857ರಲ್ಲೇ ಲೆಕ್ಕ ಹಾಕಿ ತೋರಿಸಿದ. ಹಾಗಾಗಿ ದಿನಸಿ ಏರಿದಾಗ ಬಡವರ ಮನೆಗೆ ಬೀಳುವ ಏಟು ಸರಾಸರಿ ಅಂಕಿಯಲ್ಲಿ ಕಾಣುವುದಿಲ್ಲ. ಈ ದೂರು ನ್ಯಾಯವಾದದ್ದು.

ಇನ್ನೊಂದು ಕಡೆಯೂ ಇದೆ. ದಿನಾ ಕೊಳ್ಳುವುದರ ಏರಿಕೆ ನೆನಪಿರುತ್ತದೆ. ಐದು ವರ್ಷಕ್ಕೊಮ್ಮೆ ಕೊಳ್ಳುವ ಟಿವಿ ಅಗ್ಗವಾದದ್ದು ನೆನಪಿರುವುದಿಲ್ಲ. 2002ರಲ್ಲಿ ಯುರೋಪಿನಲ್ಲಿ ಯೂರೊ ನೋಟು ಬಂದಾಗ ಎಲ್ಲ ವಿಪರೀತ ದುಬಾರಿಯಾಯಿತು ಎಂದು ಜನ ಕೂಗಿದರು. ಆ ವರ್ಷ ಯೂರೊ ವಲಯದ ಹಣದುಬ್ಬರ 2.3 ಶೇಕಡ. ಕಾಫಿ, ಹೋಟೆಲ್ ತಿಂಡಿ ಥರದ ಪದೇ ಪದೇ ಕೊಳ್ಳುವ ಕೆಲವು ನಿಜವಾಗಿಯೂ ಜೋರಾಗಿ ಏರಿದ್ದವು, ಜನ ಅದನ್ನೇ ಎಲ್ಲದಕ್ಕೂ ಹಚ್ಚಿಬಿಟ್ಟರು.

ಹಣದುಬ್ಬರ ಇಳಿಯಿತು ಎಂದರೆ ಬೆಲೆ ಇಳಿಯಿತು ಎಂದಲ್ಲ. ಹೋದ ವರ್ಷ 100 ಇದ್ದದ್ದು 10 ಶೇಕಡ ಏರಿ 110 ಆಯಿತು. ಈ ವರ್ಷ 5 ಶೇಕಡ ಮಾತ್ರ ಏರಿದರೂ 115 ದಾಟುತ್ತದೆ. ಏರುವ ವೇಗ ಕಡಿಮೆಯಾಯಿತು, ಅಷ್ಟೇ. ಹಳೇ ಸೈಕಲ್ ಅವರೇ, ನಿಮ್ಮ ಪ್ರಶ್ನೆಗೂ ಇದೇ ಉತ್ತರ.

ನೇರ ಮಾತು: ಇಷ್ಟುದ್ದ ಬರೆದು ಕೊನೆಗೆ ಅಂಕಿ ಸರಿ ಅಂದಿರಿ. ಸರ್ಕಾರದ ಸಂಬಳ ತಿಂದವರು ಇನ್ನೇನು ಹೇಳ್ತೀರಿ.

ಗಣಿತ ಮೇಷ್ಟ್ರು: ಬಡವರ ಏಟು ಸರಾಸರಿಯಲ್ಲಿ ಕಾಣಲ್ಲ ಅಂತ ಅವರೇ ಬರೆದಿದ್ದಾರೆ. ಓದದೆ ಮಾತಾಡಬೇಡಿ.

ನೇರ ಮಾತು: ನೀವು ಅವರ ವಕೀಲರಾ?

ಗಣಿತ ಮೇಷ್ಟ್ರು: ನಿಮಗೆ ಓದು ಬರುತ್ತದಾ?

ಅಡ್ಮಿನ್: ಇಬ್ಬರಿಗೂ ಇದೇ ಕೊನೇ ಮಾತು. ಮುಂದೆ ಮೆಸೇಜು ತೆಗೆದುಹಾಕುತ್ತೇನೆ.

ರಾತ್ರಿ ಪಾಳಿ: ನನ್ನ ಆನ್‌ಲೈನ್ ಪ್ರಶ್ನೆ?

ಎರಡನೇ ಮಹಡಿ: ಮೇಡಂ, ಬೆಲೆ ಇನ್ನೂ ಏರುತ್ತೆ ಅಂತ ಈಗಲೇ ಮೂಟೆಗಟ್ಟಲೆ ತಂದಿಟ್ಟುಕೊಳ್ಳಿ ಎನ್ನುವ ಮೆಸೇಜು ಎಲ್ಲ ಕಡೆ ಓಡಾಡುತ್ತಿದೆ. ಹುಳ ಬರದ ಹಾಗೆ ಗೋದಾಮಿನಲ್ಲಿ ಹಾಕುವ ಮಾತ್ರೆಯನ್ನು ಬಟ್ಟೆಯಲ್ಲಿ ಕಟ್ಟಿ ಮೂಟೆಯೊಳಗೆ ಇಡಿ ಅಂತಲೂ ಇದೆ. ಲೆಕ್ಕದಲ್ಲಿ ಲಾಭ ಇದೆಯಾ?

ಸಲಹೆಗಾರ್ತಿ: ಮಾತ್ರೆ ತಂದಿದ್ದೀರಾ? ಮೊದಲು ಅದನ್ನು ಹೇಳಿ.

ಎರಡನೇ ಮಹಡಿ: ಇಲ್ಲ ಇಲ್ಲ. ಕೇಳಿದೆ ಅಷ್ಟೇ.

ಸಲಹೆಗಾರ್ತಿ: ತರಬೇಡಿ. ಇದನ್ನು ಎಲ್ಲರೂ ಓದಿ. ಆ ಮಾತ್ರೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಬಟ್ಟೆ ಕಟ್ಟಿದರೆ ಅನಿಲ ನಿಲ್ಲುವುದಿಲ್ಲ. ಪಕ್ಕದ ಕೋಣೆಗೆ, ಪಕ್ಕದ ಮನೆಗೂ ನುಸುಳುತ್ತದೆ. ವಾಸನೆ ಬರುತ್ತದೆ ಎಂದು ನಂಬಿ ಕೂರುವಂತಿಲ್ಲ. ಅದಕ್ಕೆ ಪ್ರತಿವಿಷ ಇಲ್ಲ. ಮಲಗಿದ್ದಲ್ಲೇ ಮಕ್ಕಳು, ಇಡೀ ಕುಟುಂಬಗಳು ಸತ್ತಿವೆ. ಅದು ತರಬೇತಿ ಪಡೆದವರು ಮುಚ್ಚಿದ ಗೋದಾಮಿನಲ್ಲಿ ಬಳಸುವ ವಸ್ತು, ಮನೆಯದ್ದಲ್ಲ.

ಯಾರಾದರೂ ಈಗಾಗಲೇ ಇಟ್ಟಿದ್ದರೆ ಎಲ್ಲರೂ ಮನೆಯಿಂದ ಹೊರಗೆ ಬನ್ನಿ. ಮೂಟೆ ಎತ್ತಲು ಒಳಗೆ ಹೋಗಬೇಡಿ. ನೀರು ಸುರಿಯಬೇಡಿ, ಅನಿಲ ಜಾಸ್ತಿಯಾಗುತ್ತದೆ. ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ವಾಂತಿ, ತಲೆಸುತ್ತು, ಎದೆ ಬಿಗಿತ ಇದ್ದರೆ ಆಸ್ಪತ್ರೆಗೆ ಹೋಗಿ ಮಾತ್ರೆಯ ಹೆಸರು ಹೇಳಿ. ಆ ಮೆಸೇಜನ್ನು ಯಾರಿಗೆಲ್ಲ ಕಳಿಸಿದ್ದೀರೋ ಅವರಿಗೆಲ್ಲ ಇದನ್ನೂ ಕಳಿಸಿ. ಬೀಜದ ಮೆಸೇಜಿಗೆ ಕೋಪ ಯಾಕೆ ಎಂದು ಕೇಳಿದರಲ್ಲ, ಇದಕ್ಕೇ. ಓದದೆ ಮುಂದೆ ದೂಡುವುದು ಒಂದು ಚಟ, ಅದರಲ್ಲಿ ಯಾವುದು ಬೀಜ, ಯಾವುದು ವಿಷ ಎಂದು ದೂಡುವವರಿಗೆ ತಿಳಿದಿರುವುದಿಲ್ಲ.

ಲಾಭದ ಲೆಕ್ಕ ಕೇಳಿದಿರಿ. ಹುಳ ಬಿದ್ದದ್ದು, ಹಳಸಿದ್ದು, ಮನೆಯಲ್ಲಿ ಜಾಸ್ತಿ ಇದೆ ಎಂದು ಕೈಬಿಟ್ಟು ಬಳಸಿದ್ದು, ಎಲ್ಲ ಕಳೆಯಿರಿ. ಬಹಳ ಮನೆಗಳಲ್ಲಿ ಏನೂ ಉಳಿಯುವುದಿಲ್ಲ. ಎಲ್ಲರೂ ಒಟ್ಟಿಗೆ ಮೂಟೆ ಹೊತ್ತರೆ ಆ ಕಾರಣಕ್ಕೇ ಬೆಲೆ ಏರುತ್ತದೆ. ಒಂದು ತಿಂಗಳಿಗೆ ಬೇಕಾದಷ್ಟು, ಒಣಗಿದ ಡಬ್ಬಿ, ಬಿಗಿಯಾದ ಮುಚ್ಚಳ. ಅಷ್ಟು ಸಾಕು.

ಆಫರ್ ಬೇಟೆ: ನಾನು ಬೀಜ ಹೇಳಿದ್ದು, ವಿಷ ಅಲ್ಲ. ಎಲ್ಲದಕ್ಕೂ ನನ್ನನ್ನೇ ಎಳೀತೀರಿ.

ಖಾಲಿ ಡಬ್ಬಿ: ಬಿಡಿ ಅಣ್ಣಾ. ಆ ಸಾಲು ಮಾತ್ರ ಇನ್ನೂ ಅಳಿಸಿಲ್ಲ ನೀವು.

ಆಫರ್ ಬೇಟೆ: ಅಳಿಸಿದೆ. ಸಮಾಧಾನವಾ?

ಸುಮ್ನೆ ಓದುವವನು: ಮೇಡಂ, 99ರಲ್ಲಿ ಮುಗಿಯೋ ಬೆಲೆ ನಿಜಕ್ಕೂ ಕೆಲಸ ಮಾಡುತ್ತಾ? 100 ಅಂತ ಗೊತ್ತಿರುತ್ತಲ್ಲ.

ಸಲಹೆಗಾರ್ತಿ: ಮಾಡುತ್ತದೆ. ನಾವು ಎಡಗಡೆಯ ಅಂಕೆ ನೋಡಿ ಅಂದಾಜು ಮಾಡುವವರು. 299 ತಲೆಯಲ್ಲಿ ಇನ್ನೂರರ ಗುಂಪಿಗೆ ಹೋಗುತ್ತದೆ.

ಹಳೇ ಸೈಕಲ್: ಎಣ್ಣೆ ಲೀಟರ್ ತಗೊಳ್ಳೋದಾ ಕೆಜಿ ತಗೊಳ್ಳೋದಾ?

ಸಲಹೆಗಾರ್ತಿ: ಮೇಲೆ ಇದೆ.

ಹಳೇ ಸೈಕಲ್: ಮೇಲೆ ತುಂಬಾ ಇದೆ ಮೇಡಂ, ಹುಡುಕೋಕೆ ಆಗ್ತಿಲ್ಲ. ಒಂದೇ ಮಾತಲ್ಲಿ ಹೇಳಬಾರದಾ?

ಗಣಿತ ಮೇಷ್ಟ್ರು: ಲೀಟರ್ ಬೆಲೆಯನ್ನು 0.915ರಿಂದ ಭಾಗಿಸಿ. ಬಂದದ್ದಕ್ಕಿಂತ ಕೆಜಿ ಪ್ಯಾಕ್ ಬೆಲೆ ಕಡಿಮೆ ಇದ್ದರೆ ಕೆಜಿ ತಗೊಳ್ಳಿ.

ಹಳೇ ಸೈಕಲ್: ಭಾಗಿಸೋದೆಲ್ಲ ಅಂಗಡಿಯಲ್ಲಿ ನಿಂತು ಯಾರು ಮಾಡ್ತಾರೆ ಮಾರಾಯ್ರೆ.

ದೊಡ್ಡ ಮಗಳು: ಮೇಡಂ, ತಮ್ಮ ಓದಿದ. ಡಾಕ್ಟರ್ ಹತ್ತಿರ ಹೋಗಲು ಅಪ್ಪ ಒಪ್ಪದಿದ್ದರೆ ಏನಂತ ಹೇಳಿ ಕರೆದುಕೊಂಡು ಹೋಗಲಿ?

ಸಲಹೆಗಾರ್ತಿ: ನಿದ್ದೆ ಸರಿಯಿಲ್ಲ ಎಂದು ಅವರೇ ಹೇಳುತ್ತಿದ್ದಾರಲ್ಲ, ಅದನ್ನೇ ಹಿಡಿಯಿರಿ. ಆ ಮಾತ್ರೆ ಸರಿಹೊಂದುತ್ತಿದೆಯಾ ತೋರಿಸಿಬರೋಣ ಅನ್ನಿ. ಸುಳ್ಳೂ ಅಲ್ಲ. ಕಣ್ಣು ಪರೀಕ್ಷೆಯೂ ಅದೇ ದಿನ ಮಾಡಿಸಿ. ಆ ಬರೆದ ಕಾಗದವನ್ನು ಮೊದಲೇ ಡಾಕ್ಟರಿಗೆ ತಲುಪಿಸಿ, ಅಪ್ಪನ ಎದುರು ಓದಬೇಡಿ.

ರಾತ್ರಿ ಪಾಳಿ: ಮೂರನೇ ಸಲ ಕೇಳ್ತಿದ್ದೀನಿ. ಆನ್‌ಲೈನಾ, ಅಂಗಡಿಯಾ?

ನೇರ ಮಾತು: ಅವರಿಗೆ ಇಷ್ಟವಾದ ಪ್ರಶ್ನೆಗೆ ಮಾತ್ರ ಉತ್ತರ. ನಾನು ಮೊದಲೇ ಹೇಳಿದೆ.

ಅಡ್ಮಿನ್: ಮೇಡಂ ಹೊರಟರು. ಉಳಿದ ಪ್ರಶ್ನೆ ಬರೆದಿಟ್ಟುಕೊಳ್ಳಿ. ಗೋದಾಮಿನ ಮಾತ್ರೆಯ ಬಗ್ಗೆ ಅವರು ಬರೆದದ್ದನ್ನು ಗುಂಪಿನ ಮೇಲ್ಭಾಗದಲ್ಲಿ ಪಿನ್ ಮಾಡಿದ್ದೇನೆ. ಬೀಜದ ಮೆಸೇಜು ಇನ್ನೊಮ್ಮೆ ಬಂದಿದೆ, ಈ ಸಲ ಬೇರೆಯವರಿಂದ, ಆ ಸಾಲಿನ ಸಮೇತ. ತೆಗೆದಿದ್ದೇನೆ. ಕಮೆಂಟ್ ಮುಚ್ಚುತ್ತಿದ್ದೇನೆ.